ಕ್ಯಾನ್ಸರ್ ರೋಗಿಗೆ ಮ್ಯೂಸಿಕ್ ಥೆರಪಿ ಅಂದರೆ ಡಾಕ್ಟ್ರು ಯಾಕೆ ನಗುತ್ತಾರೆ?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸ್ತನ ಕ್ಯಾನ್ಸರ್, ಎರಡನೇ ಹಂತ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿದೆ. ಚಿಕಿತ್ಸೆ ಬಗ್ಗೆ ನನ್ನದೇನೂ ದೂರಿಲ್ಲ, ಗಡ್ಡೆ ಕರಗುತ್ತಿದೆ. ಸಮಸ್ಯೆ ಬೇರೆ. ಕೀಮೋ ಹಿಂದಿನ ದಿನದಿಂದಲೇ ಅಮ್ಮನಿಗೆ ಹೊಟ್ಟೆ ತೊಳಸುತ್ತದೆ, ಕೈ ನಡುಗುತ್ತದೆ, ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಡೇ ಕೇರ್ (ಕೀಮೋ ಕೊಡುವ ವಾರ್ಡ್) ಬಾಗಿಲ ಹತ್ತಿರದ ಸ್ಪಿರಿಟ್ ವಾಸನೆ ಬಂದರೆ ಸಾಕು, ಸೂಜಿ ಚುಚ್ಚುವ ಮೊದಲೇ ವಾಂತಿ.

ನಮ್ಮಮ್ಮ ಊರಲ್ಲಿ ಸೋಬಾನೆ ಹಾಡುವವರು. ಮದುವೆ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಬಾಯಿ ಬಿಡುವುದಿಲ್ಲ. ಹಾಗಾಗಿ ಹೋದ ಸಲ ಓಪಿಡಿಯಲ್ಲಿ ಧೈರ್ಯ ಮಾಡಿ ಕೇಳಿದೆ, "ಸರ್, ಮ್ಯೂಸಿಕ್ ಥೆರಪಿ ಅಂತ ಇದೆಯಂತೆ, ಅಮ್ಮನಿಗೆ ಕೊಡಿಸಬಹುದಾ?" ಅವರು ಕಂಪ್ಯೂಟರ್ ನೋಡುತ್ತಲೇ ನಕ್ಕರು. "ಹಾಡು ತಾನೇ, ಕೇಳಲಿ ಬಿಡಿ, ಏನೂ ತೊಂದರೆ ಇಲ್ಲ." ಪಕ್ಕದಲ್ಲಿದ್ದ ಜೂನಿಯರ್ ಕೂಡ ನಕ್ಕರು. ಮುಂದಿನ ಟೋಕನ್ ಕರೆದರು.

ತೊಂದರೆ ಇಲ್ಲ ಅಂತ ನನಗೂ ಗೊತ್ತು. ನಾನು ಕೇಳಿದ್ದು ಉಪಯೋಗ ಇದೆಯಾ ಅಂತ. ಇಲ್ಲಿ ಡಾಕ್ಟ್ರು, ನರ್ಸ್, ಚಿಕಿತ್ಸೆ ಮುಗಿಸಿದವರು ಯಾರಾದರೂ ಇದ್ದರೆ ಹೇಳಿ. ಅವರು ಯಾಕೆ ಹೀಗೆ ತಳ್ಳಿಬಿಡುತ್ತಾರೆ?

ಸಂಶಯಾತ್ಮ

ನಕ್ಕಿದ್ದರಲ್ಲಿ ತಪ್ಪೇನು? ಓಪಿಡಿಯಲ್ಲಿ ನೂರು ಜನ ಕಾಯುತ್ತಿರುತ್ತಾರೆ. ಒಬ್ಬರು ಗೋಮೂತ್ರ ಕೇಳುತ್ತಾರೆ, ಇನ್ನೊಬ್ಬರು ಸೀತಾಫಲದ ಎಲೆ ಕಷಾಯ, ಮತ್ತೊಬ್ಬರು ಹಾಡು. ಅವರಿಗೆ ಎಲ್ಲಾ ಒಂದೇ ಸಾಲಿನಲ್ಲಿ ಕಾಣುತ್ತದೆ. ನಿಮ್ಮ ಡಾಕ್ಟ್ರು ಬೈಯಲಿಲ್ಲವಲ್ಲ, ಅದೇ ದೊಡ್ಡದು.

ನಾದಸುಧೆ

ಹೇಮಾವತಿಯವರೇ, ನಾನು ನಲವತ್ತು ವರ್ಷದಿಂದ ಕರ್ನಾಟಕ ಸಂಗೀತ ಕಲಿಸುತ್ತಿದ್ದೇನೆ. ಡಾಕ್ಟರುಗಳಿಗೆ ನಮ್ಮ ರಾಗಗಳ ಶಕ್ತಿ ಗೊತ್ತಿಲ್ಲ. ಆನಂದಭೈರವಿ ಕೇಳಿದರೆ ಬಿಪಿ ಇಳಿಯುತ್ತದೆ, ನೀಲಾಂಬರಿ ನಿದ್ದೆ ತರಿಸುತ್ತದೆ, ಇದೆಲ್ಲಾ ನಮ್ಮ ಹಿರಿಯರು ಕಂಡುಕೊಂಡದ್ದು. ಸರಿಯಾದ ರಾಗ ಸರಿಯಾದ ಸಮಯಕ್ಕೆ ಕೊಟ್ಟರೆ ಜೀವಕೋಶಗಳ ಮೇಲೂ ಪರಿಣಾಮ ಆಗುತ್ತದೆ ಅಂತ ನನ್ನ ನಂಬಿಕೆ. ಒಂದು ಸಂಸ್ಥೆಯವರು ಕ್ಯಾನ್ಸರ್‌ಗೆಂದೇ ರಾಗಗಳ ಸೆಟ್ ಮಾಡಿದ್ದಾರೆ, ಲಿಂಕ್ ಹಾಕುತ್ತೇನೆ.

ನಿರ್ವಾಹಕ

ಮೇಲಿನ ಲಿಂಕ್ ತೆಗೆದಿದ್ದೇವೆ. "ಗಡ್ಡೆ ಕರಗಿಸುವ ರಾಗ" ಅಂತ ಹಣಕ್ಕೆ ಮಾರುವ ಪುಟ ಅದು. ಚರ್ಚೆ ಮುಂದುವರಿಸಿ, ಮಾರಾಟ ಬೇಡ.

ಓಪಿಡಿ_ಟೋಕನ್

ನಾನು ಮೆಡಿಕಲ್ ಆಂಕಾಲಜಿಸ್ಟ್. ಯಾವ ಊರು, ಯಾವ ಆಸ್ಪತ್ರೆ ಕೇಳಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ.

ತಂಗಿ, ಮೊದಲು ವಾಂತಿ ವಿಷಯ, ಅದು ಹಾಡಿಗಿಂತ ಅರ್ಜೆಂಟ್. ಕೀಮೋಗೆ ಮೊದಲೇ ಬರುವ ವಾಂತಿ ನಾಟಕ ಅಲ್ಲ. ಹಿಂದಿನ ಕೀಮೋ ಸುತ್ತುಗಳಲ್ಲಿ ಆದ ಸಂಕಟವನ್ನು ಮೆದುಳು ಆ ವಾಸನೆ, ಆ ಜಾಗದ ಜೊತೆ ಗಂಟು ಹಾಕಿಬಿಟ್ಟಿರುತ್ತದೆ. ಸಾಮಾನ್ಯ ವಾಂತಿ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಲೊರಾಜೆಪಾಮ್ ಥರದ ಆತಂಕದ ಮಾತ್ರೆಯನ್ನು ಹಿಂದಿನ ರಾತ್ರಿ ಕೊಡುತ್ತೇವೆ, ಕೀಮೋ ನಂತರದ ವಾಂತಿಗೆ ಒಲಾಂಜಪೈನ್ ಸೇರಿಸುತ್ತೇವೆ. ಮುಂದಿನ ಸಲ "ಹಿಂದಿನ ದಿನದಿಂದಲೇ ಶುರುವಾಗುತ್ತದೆ" ಅಂತ ಸ್ಪಷ್ಟವಾಗಿ ಹೇಳಿ. ಬಹಳ ಜನ ಹೇಳುವುದೇ ಇಲ್ಲ, ನಾವೂ ಕೇಳುವುದಿಲ್ಲ.

ಈಗ ನಗು. ಅದಕ್ಕೆ ನಾನು ಜವಾಬು ಕೊಡಲಾರೆ. ಆದರೆ ಆ "ಕೇಳಲಿ ಬಿಡಿ" ಎಲ್ಲಿಂದ ಬರುತ್ತದೆ ಅಂತ ಗೊತ್ತು. ಎಂಬಿಬಿಎಸ್, ಎಂಡಿ, ಡಿಎಂ ಎಲ್ಲಾ ಸೇರಿ ಹನ್ನೊಂದು ಹನ್ನೆರಡು ವರ್ಷ ಓದಿದೆ. ಸಂಗೀತದ ಬಗ್ಗೆ ಒಂದು ಗಂಟೆಯ ಪಾಠವೂ ಇರಲಿಲ್ಲ. ಡಯಟೀಷಿಯನ್‌ಗೆ ರೂಮ್ ನಂಬರ್ ಇದೆ, ಫಿಸಿಯೋಗೆ ಚೀಟಿ ಇದೆ, ಇದಕ್ಕೆ ಏನೂ ಇಲ್ಲ. "ಹೌದು, ಉಪಯೋಗ ಆಗಬಹುದು" ಅಂದ ಕೂಡಲೇ "ಎಲ್ಲಿಗೆ ಹೋಗಲಿ ಸರ್?" ಅಂತ ಕೇಳುತ್ತೀರಿ. ನನ್ನ ಹತ್ತಿರ ಉತ್ತರ ಇರುವುದಿಲ್ಲ. ನಕ್ಕು ಕಳಿಸುವುದು ಸುಲಭ.

ಇನ್ನೊಂದು, ಭಯ. ಇದನ್ನು ಹೊರಗಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಮೆರಿಕದ ಯೇಲ್‌ನವರ ಒಂದು ಅಧ್ಯಯನ 2018ರಲ್ಲಿ ಬಂತು. ವಾಸಿ ಮಾಡಬಹುದಾದ ಹಂತದಲ್ಲಿದ್ದರೂ ಮಾಮೂಲಿ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದ 281 ಜನರನ್ನು, ಚಿಕಿತ್ಸೆ ತೆಗೆದುಕೊಂಡವರ ಜೊತೆ ಹೋಲಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಜಾಸ್ತಿ. ಮೇಲೆ ತೆಗೆದ ಲಿಂಕ್ ನೋಡಿದಿರಲ್ಲ, ನಮ್ಮ ಓಪಿಡಿಗೆ ಅಂಥವು ದಿನಾ ವಾಟ್ಸಾಪ್‌ನಲ್ಲಿ ಬರುತ್ತವೆ. ಹಾಡಿಗೆ ಹ್ಞೂಂ ಅಂದರೆ ಆ "ಗಡ್ಡೆ ಕರಗಿಸುವ ರಾಗ"ಕ್ಕೂ ನನ್ನ ಹೆಸರು ಅಂಟಿಕೊಳ್ಳುತ್ತದಾ ಅಂತ ಅಳುಕು. ಆದರೆ ಈ ಭಯದಲ್ಲಿ ಒಳ್ಳೆಯದನ್ನೂ ಆಚೆ ತಳ್ಳುತ್ತಿದ್ದೇವೆ, ಅದೂ ನಿಜ.

ಸಂಶಯಾತ್ಮ

ಡಾಕ್ಟ್ರೇ, "ಒಳ್ಳೆಯದನ್ನೂ" ಅಂದಿರಿ. ಒಳ್ಳೆಯದು ಅಂತ ಎಲ್ಲಿದೆ ಸಾಕ್ಷಿ? ಔಷಧಿಯಾದರೆ ಅರ್ಧ ಜನರಿಗೆ ಸಕ್ಕರೆ ಮಾತ್ರೆ ಕೊಟ್ಟು ನೋಡಬಹುದು. ಹಾಡು ಕೇಳುತ್ತಿದ್ದೇನೆ ಅಂತ ರೋಗಿಗೇ ಗೊತ್ತಾಗದ ಹಾಗೆ ಹಾಡು ಕೇಳಿಸುವುದು ಹೇಗೆ? ಪಾಪ, ಒಬ್ಬರು ಬಂದು ಅರ್ಧ ಗಂಟೆ ಕೂತು ಪ್ರೀತಿಯಿಂದ ಹಾಡಿದರೆ, ಆಮೇಲೆ ಫಾರ್ಮ್ ಕೊಟ್ಟು "ಆತಂಕ ಕಮ್ಮಿ ಆಯಿತಾ" ಅಂದರೆ ಯಾರು ತಾನೇ ಇಲ್ಲ ಅನ್ನುತ್ತಾರೆ?

ಓಪಿಡಿ_ಟೋಕನ್

ಪ್ರಶ್ನೆ ಸರಿ. ನಮ್ಮ ಜರ್ನಲ್ ಕ್ಲಬ್‌ನಲ್ಲೂ ಇದೇ ಏಳುತ್ತದೆ.

ಕಾಕ್ರೇನ್ ಅನ್ನುವ ಸಂಸ್ಥೆ ಇದೆ, ಪ್ರಯೋಗಗಳನ್ನೆಲ್ಲಾ ಒಟ್ಟುಗೂಡಿಸಿ ಜರಡಿ ಹಿಡಿಯುತ್ತದೆ, ಯಾರನ್ನೂ ಸುಲಭಕ್ಕೆ ಹೊಗಳುವುದಿಲ್ಲ. ಕ್ಯಾನ್ಸರ್ ಮತ್ತು ಸಂಗೀತದ ಬಗ್ಗೆ ಅವರ 2021ರ ವರದಿಯಲ್ಲಿ 81 ಪ್ರಯೋಗಗಳು, 5,576 ಜನ. ದೊಡ್ಡವರಲ್ಲಿ ಆತಂಕ, ನೋವು, ಸುಸ್ತು, ಬೇಸರ ಕಡಿಮೆ ಆಗಬಹುದು ಅಂತ ಬರೆದಿದ್ದಾರೆ. 20ರಿಂದ 80ರ ಆತಂಕದ ಅಳತೆಯಲ್ಲಿ ಸರಾಸರಿ ಏಳೆಂಟು ಅಂಕ ಇಳಿತ. ಸಣ್ಣದಲ್ಲ. ಆದರೆ ಅದೇ ಪುಟದಲ್ಲಿ ಸಾಕ್ಷಿಯ ಖಚಿತತೆ ಕಡಿಮೆ ಅಂತಲೂ ಇದೆ, ನೀವು ಹೇಳಿದ ಕಾರಣವೇ ಮುಖ್ಯ. ಮಕ್ಕಳ ಮೇಲಿನ ಪ್ರಯೋಗಗಳು ಬರೀ ಏಳು, ಅದರಿಂದ ಹೆಚ್ಚು ಹೇಳಲು ಆಗುವುದಿಲ್ಲ.

ನನ್ನ ತಕರಾರು ಇಷ್ಟೇ. ಫಿಸಿಯೋಥೆರಪಿಯಲ್ಲೂ ಕಣ್ಣು ಕಟ್ಟಿ ಪ್ರಯೋಗ ಮಾಡಲು ಆಗುವುದಿಲ್ಲ. ಕೌನ್ಸೆಲಿಂಗ್‌ನಲ್ಲೂ ಇಲ್ಲ. ಅಲ್ಲಿ ಯಾರೂ ನಗುವುದಿಲ್ಲ.

ಅಮೆರಿಕದ ಕ್ಯಾನ್ಸರ್ ವೈದ್ಯರ ದೊಡ್ಡ ಸಂಘ ಆಸ್ಕೋ, ಇನ್ನೊಂದು ಸಂಘದ ಜೊತೆ ಸೇರಿ 2023ರಲ್ಲಿ ಮಾರ್ಗಸೂಚಿ ಕೊಟ್ಟಿತು. ಚಿಕಿತ್ಸೆ ನಡೆಯುವಾಗಿನ ಆತಂಕ ಮತ್ತು ಖಿನ್ನತೆಗೆ ಯೋಗ, ರಿಲ್ಯಾಕ್ಸೇಷನ್ ಜೊತೆಗೆ ಮ್ಯೂಸಿಕ್ ಥೆರಪಿಯ ಹೆಸರೂ ಇದೆ. ಅದಕ್ಕೂ ಹಿಂದಿನ ವರ್ಷದ ನೋವಿನ ಮಾರ್ಗಸೂಚಿಯಲ್ಲಿ ಕ್ಯಾನ್ಸರ್ ಆಪರೇಷನ್ ನೋವಿಗೆ "ಕೊಡಬಹುದು" ಅನ್ನುವ ಮಟ್ಟದ ಮಾತು. ಬಲವಾದ ಶಿಫಾರಸು ಅಲ್ಲ. ನಮ್ಮಲ್ಲಿ ಬಹಳ ಡಾಕ್ಟ್ರು ಆ ಸಂಘದ ಕೀಮೋ ಮಾರ್ಗಸೂಚಿಗಳನ್ನು ಬಾಯಿಪಾಠ ಮಾಡಿರುತ್ತಾರೆ, ಇವನ್ನು ತೆರೆದೇ ಇರುವುದಿಲ್ಲ.

ಕ್ಲೀವ್‌ಲ್ಯಾಂಡ್_ಕನ್ನಡತಿ

ನಾನು ಓಹಾಯೋದಲ್ಲಿ ಆಂಕಾಲಜಿ ನರ್ಸ್, ಮೂಲ ಶಿವಮೊಗ್ಗ. ಇಲ್ಲಿ ಹೇಗೆ ಅಂತ ಹೇಳುತ್ತೇನೆ, ಸ್ವರ್ಗ ಅಂತ ತಿಳಿಯಬೇಡಿ.

ಇಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲೇ ನಡೆದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಸ್ತನದ ಆಪರೇಷನ್‌ಗೆ ಬಂದ 207 ಹೆಂಗಸರು. ಒಂದು ಗುಂಪಿಗೆ ಥೆರಪಿಸ್ಟ್ ಎದುರಿಗೇ ನಿಂತು ಅವರಿಗೆ ಇಷ್ಟವಾದ ಒಂದು ಹಾಡು ಹಾಡಿದರು, ಇನ್ನೊಂದು ಗುಂಪಿಗೆ ರೆಕಾರ್ಡ್ ಹಾಕಿದರು, ಮೂರನೆಯವರಿಗೆ ಹಾಡಿಲ್ಲ. ಐದೇ ನಿಮಿಷ. ಹಾಡು ಕೇಳಿದ ಎರಡೂ ಗುಂಪಿನಲ್ಲಿ ಆತಂಕ ಶೇಕಡಾ 40ಕ್ಕೂ ಜಾಸ್ತಿ ಇಳಿಯಿತು. ಆದರೆ ಅರಿವಳಿಕೆ ಔಷಧಿ ಕಡಿಮೆ ಸಾಕಾಯಿತಾ ಅಂದರೆ, ಇಲ್ಲ. ಅಷ್ಟೇ ಬೇಕಾಯಿತು. ಅನಸ್ತೇಷಿಯಾ ಡಾಕ್ಟ್ರು ಈ ಎರಡನೇ ಸಾಲನ್ನೇ ಎತ್ತಿ ತೋರಿಸುತ್ತಾರೆ, ಥೆರಪಿಸ್ಟ್‌ಗಳು ಮೊದಲನೇ ಸಾಲನ್ನು.

ಇಲ್ಲಿ ಥೆರಪಿಸ್ಟ್ ಆಗಬೇಕಾದರೆ ಡಿಗ್ರಿ, 1,200 ಗಂಟೆ ತರಬೇತಿ, ಆಮೇಲೆ ಬೋರ್ಡ್ ಪರೀಕ್ಷೆ. ನಾವು ಕಂಪ್ಯೂಟರ್‌ನಲ್ಲಿ ಆರ್ಡರ್ ಹಾಕುತ್ತೇವೆ, ಅವರು ರೋಗಿಯ ಚಾರ್ಟ್ ಓದಿಕೊಂಡು ಬರುತ್ತಾರೆ. ಕೌಂಟ್ ಬಿದ್ದ (ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುವ) ರೋಗಿಯ ರೂಮಿಗೆ ಹೋಗುವ ಮುಂಚೆ ಗಿಟಾರ್ ಒರೆಸುವುದನ್ನು ನೋಡಬೇಕು, ತಂತಿ ತಂತಿ ಬಿಡದೆ! ಒಳಗೆ ಹೋಗಿ ಮೊದಲೇ ಶಾಂತವಾದ ಹಾಡು ಹಾಕುವುದಿಲ್ಲ. ರೋಗಿ ಏದುಸಿರು ಬಿಡುತ್ತಿದ್ದರೆ ಆ ವೇಗದಲ್ಲೇ ಶುರು ಮಾಡಿ ನಿಧಾನಕ್ಕೆ ಇಳಿಸುತ್ತಾರೆ, ಉಸಿರೂ ಜೊತೆಗೆ ಇಳಿಯುತ್ತದೆ. ಕೆಲವು ದಿನ ಹಾಡೇ ಇರುವುದಿಲ್ಲ, ರೋಗಿ ಅಳುತ್ತಾರೆ, ಇವರು ಕೂತಿರುತ್ತಾರೆ.

ಸರ್ಜನ್‌ಗಳಲ್ಲಿ ಇಬ್ಬರು ಮೂವರು ಇವತ್ತಿಗೂ "ಆ ಗಿಟಾರ್ ಹುಡುಗಿ" ಅನ್ನುತ್ತಾರೆ. ತಮಾಷೆ ಏನೆಂದರೆ ಅವರೇ ಆಪರೇಷನ್ ಥಿಯೇಟರ್‌ನಲ್ಲಿ ಸ್ಪೀಕರ್ ಹಾಕಿಕೊಳ್ಳದೆ ಕತ್ತರಿ ಮುಟ್ಟುವುದಿಲ್ಲ. ಆರ್ಡರ್ ಹಾಕುವುದರಲ್ಲಿ ಜಾಸ್ತಿ ನಾವು ನರ್ಸ್‌ಗಳು, ಪ್ಯಾಲಿಯೇಟಿವ್ (ನೋವು, ಸಂಕಟ ಕಡಿಮೆ ಮಾಡುವ ವಿಭಾಗದ) ಡಾಕ್ಟ್ರು. ಇನ್ಶೂರೆನ್ಸ್ ಇದಕ್ಕೆ ಕೊಡುವುದು ಕಷ್ಟ, ದಾನಿಗಳ ದುಡ್ಡಿನಲ್ಲಿ ನಡೆಯುತ್ತದೆ. ದುಡ್ಡು ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಬೆಣ್ಣೆದೋಸೆ_77

ಹಾಗಾದರೆ ರೆಕಾರ್ಡ್ ಹಾಡೂ ಎದುರಿಗೆ ಹಾಡಿದ್ದೂ ಒಂದೇ ಅಂತಾಯಿತು. ಇಯರ್‌ಫೋನ್ ಸಾಕು. ಥೆರಪಿಸ್ಟ್ ಯಾಕೆ? ಆ ಡಾಕ್ಟ್ರು ಹೇಳಿದ್ದೂ ಅದನ್ನೇ ಅಲ್ವಾ?

ಓಪಿಡಿ_ಟೋಕನ್

ಐದು ನಿಮಿಷದ ಭಯಕ್ಕೆ ಹೌದು, ಇಯರ್‌ಫೋನ್ ಸಾಕಾಗಬಹುದು. ನನಗೂ ಹಾಗೇ ಅನಿಸುತ್ತದೆ. ಉದ್ದಕ್ಕೆ ಎಳೆಯುವ ವಿಷಯಗಳಿಗೆ ವ್ಯತ್ಯಾಸ ಕಾಣುತ್ತದೆ. ಜೀವನದ ಗುಣಮಟ್ಟ ಅಂತ ಅಳೆಯುತ್ತಾರಲ್ಲ, ಅದರಲ್ಲಿ ಥೆರಪಿಸ್ಟ್ ಇದ್ದ ಪ್ರಯೋಗಗಳಲ್ಲಿ ಪರಿಣಾಮ ಕಂಡಿದೆ, ಬರೀ ಕೇಳಿಸಿದವುಗಳಲ್ಲಿ ಕಂಡಿಲ್ಲ. ಇನ್ನೊಂದು ಚಿಕ್ಕ ಪ್ರಯೋಗ, 2015ರದ್ದು, 31 ಜನ ಕ್ಯಾನ್ಸರ್ ರೋಗಿಗಳಿಗೆ ಎರಡನ್ನೂ ಕೊಟ್ಟು ನೋಡಿದರು. ಆತಂಕ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಮುಂದೆ ಯಾವುದು ಬೇಕು ಅಂದಾಗ ಶೇಕಡಾ 77 ಜನ ಥೆರಪಿಸ್ಟ್ ಬೇಕು ಅಂದರು. ಉಳಿದವರಿಗೆ ರೆಕಾರ್ಡ್ ಹಾಡು ಕೇಳಿಕೊಂಡಿದ್ದರೆ ಸಾಕಿತ್ತು. ಅವರದ್ದೂ ನ್ಯಾಯವೇ.

ಮಳವಳ್ಳಿ_ಕಂಡಕ್ಟರ್

ನಾನು ರೋಗಿ. ನಾಲಿಗೆ ಕ್ಯಾನ್ಸರ್. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾ ಎಲೆಅಡಿಕೆ ಹೊಗೆಸೊಪ್ಪು ಹಾಕುತ್ತಿದ್ದವನು. ಆಪರೇಷನ್ ಆಯಿತು, ಕರೆಂಟ್ (ರೇಡಿಯೇಷನ್) ಕೊಟ್ಟರು, ವಾರಕ್ಕೊಂದು ಕೀಮೋ. ಈಗ ಪರವಾಗಿಲ್ಲ. ನೀವೆಲ್ಲ ಹಾಡು ಹಾಡು ಅನ್ನುತ್ತೀರಿ, ನನ್ನದೂ ಸ್ವಲ್ಪ ಕೇಳಿ.

ಕರೆಂಟ್ ಕೊಡುವಾಗ ಮುಖಕ್ಕೆ ಪ್ಲಾಸ್ಟಿಕ್ ಮಾಸ್ಕ್ ಹಾಕಿ ಟೇಬಲ್‌ಗೆ ಬಿಗಿಯುತ್ತಾರೆ. ಕಣ್ಣು ರೆಪ್ಪೆ ಆಡಿಸಲೂ ಕಷ್ಟ. ಅಲ್ಲಿನ ಟೆಕ್ನಿಷಿಯನ್ ಹುಡುಗ ಒಳ್ಳೆಯವನು, ನನಗೆ ಧೈರ್ಯ ಬರಲಿ ಅಂತ ದಿನಾ ಭಕ್ತಿಗೀತೆ ಹಾಕುತ್ತಿದ್ದ. ನನ್ನನ್ನು ಕೇಳಲಿಲ್ಲ. ಬಾಯಿ ಬಿಟ್ಟು ಬೇಡ ಅನ್ನಲೂ ಆಗುತ್ತಿರಲಿಲ್ಲ. ನನಗೆ ಬೇಕಾಗಿದ್ದು ಸದ್ದಿಲ್ಲದ ಹತ್ತು ನಿಮಿಷ. ಈಗ ಅದೇ ಹಾಡು ದೇವಸ್ಥಾನದ ಮೈಕಿನಲ್ಲಿ ಬಂದರೆ ಹೊಟ್ಟೆ ತೊಳಸುತ್ತದೆ, ಎದ್ದು ಬರುತ್ತೇನೆ. ಮನೆಯವಳು ಇದೇನು ನಾಸ್ತಿಕ ಆದಿರಾ ಅನ್ನುತ್ತಾಳೆ.

ಆಮೇಲೆ ಕಿವಿ. ಸಿಸ್‌ಪ್ಲಾಟಿನ್ ಅಂತ ಕೀಮೋ. ಮೂರನೆಯದರಿಂದ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಕೀಂ ಅಂತ ಶುರುವಾಯಿತು. ಪಿಟೀಲು ಬಂದರೆ ಚುಚ್ಚಿದ ಹಾಗೆ. ಹಾಡು ಕೇಳು ಅನ್ನುವವರು ಕಿವಿ ಹೇಗಿದೆ ಅಂತ ಮೊದಲು ಕೇಳಬೇಕು.

ಇನ್ನೊಂದಿದೆ. ನಾನು ನಮ್ಮೂರ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದವನು. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ಮಟ್ಟು ಹೇಳಿಕೊಡುತ್ತಿದ್ದರು, ಬೆಳತನಕ ನಾಟಕ, ಒನ್ಸ್ ಮೋರ್ ಬೀಳುತ್ತಿತ್ತು. ಆಪರೇಷನ್‌ಗೆ ಮುಂಚೆ ಡಾಕ್ಟ್ರನ್ನು ಕೇಳಿದೆ, ಆಮೇಲೆ ಹಾಡಬಹುದಾ ಸಾರ್ ಅಂತ. "ಮೊದಲು ಜೀವ ಉಳಿಸೋಣ ಕಣಪ್ಪ" ಅಂದರು. ಸರಿ, ಜೀವ ಉಳಿಸಿದರು, ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ನನ್ನ ಪ್ರಶ್ನೆ ಅಲ್ಲೇ ಬಿದ್ದಿತ್ತು. ಎಂಟು ತಿಂಗಳಾದ ಮೇಲೆ ಅದಕ್ಕೆ ಉತ್ತರ ಕೊಟ್ಟವರು ಸ್ಪೀಚ್ ಥೆರಪಿ ಮೇಡಂ. ಅಕ್ಷರ ಬಿಡಿ, ಮಟ್ಟು ಮಾತ್ರ ಗುನುಗಿ ಅಂದರು. ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ. ಭೀಮನ ಪಾರ್ಟಿನ ಮಟ್ಟು ಗುನುಗಿದೆ. ಶ್ರುತಿ ಇತ್ತು. ಅಕ್ಷರ ಹೋಗಿತ್ತು, ಶ್ರುತಿ ಹೋಗಿರಲಿಲ್ಲ. ಅದನ್ನು ಯಾವ ಡಾಕ್ಟ್ರೂ ನನಗೆ ಮೊದಲೇ ಹೇಳಿರಲಿಲ್ಲ.

ಓಪಿಡಿ_ಟೋಕನ್

ಅಣ್ಣಾ, ಕಿವಿಯ ವಿಷಯ ನೂರಕ್ಕೆ ನೂರು ನಿಜ. ಸಿಸ್‌ಪ್ಲಾಟಿನ್ ಎತ್ತರದ ಸ್ವರಗಳ ಕಿವಿಯನ್ನು ಮೊದಲು ತಿನ್ನುತ್ತದೆ, ಬಹಳ ಸಲ ವಾಪಸ್ ಬರುವುದಿಲ್ಲ. ಆ ಗುಂಯ್‌ಗುಡುವಿಕೆ ಕೀಮೋ ನಡೆಯುವಾಗಲೇ ಹೇಳಬೇಕು, ಡೋಸ್ ಬದಲಾಯಿಸುವುದೋ ಬೇರೆ ಔಷಧಿಯೋ ಯೋಚಿಸುತ್ತೇವೆ. ಭಕ್ತಿಗೀತೆಯ ವಿಷಯವೂ ಅಷ್ಟೇ. ಹೇಮಾವತಿಯವರ ಅಮ್ಮನಿಗೆ ಸ್ಪಿರಿಟ್ ವಾಸನೆ ಅಂಟಿಕೊಂಡಿತು, ನಿಮಗೆ ಹಾಡು ಅಂಟಿಕೊಂಡಿತು. "ಏನೂ ತೊಂದರೆ ಇಲ್ಲ" ಅಂತ ನಾವು ಹೇಳುವುದು ಅಷ್ಟು ಸರಿಯಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಸಿಸ್ಟರ್_ಧಾರವಾಡ

ಕಂಡಕ್ಟರ್ ಅಣ್ಣಾರಿಗೆ ದೊಡ್ಡ ನಮಸ್ಕಾರ ರೀ.

ನಾನು ಪ್ಯಾಲಿಯೇಟಿವ್ ವಾರ್ಡಿನಲ್ಲಿ ಇದ್ದೇನೆ. ನಮ್ಮಲ್ಲಿ ಥೆರಪಿಸ್ಟ್ ಯಾರೂ ಇಲ್ಲ. ಆದರೆ ಹಾಡು ಇದೆ. ಗದಗ ಕಡೆಯ ಒಬ್ಬ ಅಜ್ಜಿ ಇದ್ದರು, ಗರ್ಭಕೊರಳಿನ ಕ್ಯಾನ್ಸರ್. ಡ್ರೆಸ್ಸಿಂಗ್ ಬದಲಾಯಿಸುವಾಗ ಬಹಳ ನೋವು. ಮಾರ್ಫಿನ್ ಕೊಟ್ಟು ಅರ್ಧ ತಾಸು ಬಿಟ್ಟೇ ಮುಟ್ಟುತ್ತಿದ್ದೆವು. ಆದರೂ ಕೈ ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ಅವರ ಸೊಸೆ "ಅತ್ತಿ, ಬೀಸೋ ಪದ ಹೇಳಬೇ" ಅಂದಳು. ಅಜ್ಜಿ ಶುರು ಮಾಡಿದರು. ಸೊಸೆ ಜೊತೆಗೂಡಿದಳು. ಎದುರು ಮಂಚದವರು ಸೊಲ್ಲು ಹಿಡಿದರು. ಡ್ರೆಸ್ಸಿಂಗ್ ಮುಗಿದದ್ದು ಅವರಿಗೆ ಗೊತ್ತಾಗಲಿಲ್ಲ ಅಂತ ನಾನು ಹೇಳುವುದಿಲ್ಲ, ಗೊತ್ತಾಯಿತು, ಆದರೆ ಕೈ ಹಿಡಿಯಲಿಲ್ಲ.

ಈಗ ಡಾಕ್ಟ್ರ ವಿಷಯ. ರೌಂಡ್ಸ್ ಬಂತು ಅಂದರೆ ಹಾಡು ಬಂದ್. ಎಲ್ಲರೂ ಸೆರಗು ಸರಿ ಮಾಡಿಕೊಂಡು, ಮೊಬೈಲ್ ದಿಂಬಿನ ಕೆಳಗಿಟ್ಟು ಸುಮ್ಮನಾಗುತ್ತಾರೆ. ಡಾಕ್ಟ್ರು ನೋಡುವುದು ಹಾಡಿಲ್ಲದ ವಾರ್ಡ್. ಅವರಿಗೆ ನಂಬಿಕೆ ಬಾ ಅಂದರೆ ಎಲ್ಲಿಂದ ಬರಬೇಕು? ಹಾಗಾಗಿ ನಾನು ಒಂದು ಕೆಲಸ ಶುರು ಮಾಡಿದೆ. ನೋವಿನ ಅಂಕ ಸೊನ್ನೆಯಿಂದ ಹತ್ತರ ತನಕ ನಾವು ಹೇಗೂ ಬರೆಯುತ್ತೇವೆ. ಹಾಡಿದ ದಿನ ಪಕ್ಕದಲ್ಲಿ "ಪದ ಹೇಳಿದರು" ಅಂತಲೂ ಬರೆದೆ. ನಮ್ಮ ಸರ್ ಮೊದಲು ಇದೇನಿದು ಸಿಸ್ಟರ್ ಅಂದರು. ವಾರ ಕಳೆದ ಮೇಲೆ ಅವರೇ ಫೈಲ್ ತಿರುವಿ ಹಾಕಿ "ಪದ ಇದ್ದ ದಿನ ಎಷ್ಟು?" ಅಂತ ಕೇಳಲು ಶುರು ಮಾಡಿದರು. ಇದು ಸಂಶೋಧನೆ ಅಲ್ಲ ರೀ, ಸಂಶಯಾತ್ಮ ಅಣ್ಣ ಜಗಳಕ್ಕೆ ಬರಬೇಡಿ. ಫೈಲಿನಲ್ಲಿ ಇದ್ದದ್ದನ್ನು ಡಾಕ್ಟ್ರು ಓದುತ್ತಾರೆ, ಇಲ್ಲದ್ದನ್ನು ಓದುವುದಿಲ್ಲ, ಅಷ್ಟೇ.

ಮತ್ತೆ, ಮಾರ್ಫಿನ್ ಬದಲು ಹಾಡು ಅಂತ ಯಾರಾದರೂ ಬಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ.

ಸಂಶಯಾತ್ಮ

ಜಗಳ ಇಲ್ಲ ಸಿಸ್ಟರ್. "ಕೈ ಹಿಡಿಯಲಿಲ್ಲ" ಅಂತ ಬರೆದಿರಲ್ಲ, "ನೋವೇ ಇರಲಿಲ್ಲ" ಅಂತ ಬರೆಯಲಿಲ್ಲ. ಅದಕ್ಕೇ ನಂಬುತ್ತೇನೆ.

ಪುಸ್ತಕದ_ಹುಳು

ಒಂದು ಹಳೆಯ ವಿಷಯ. ಆಸ್ಪತ್ರೆಯ ಪ್ಯಾಲಿಯೇಟಿವ್ ವಾರ್ಡಿಗೆ ಸಂಗೀತವನ್ನು ಮೊದಲು ಬರಮಾಡಿಕೊಂಡವರಲ್ಲಿ ಒಬ್ಬರು ಕ್ಯಾನ್ಸರ್ ಸರ್ಜನ್! ಕೆನಡಾದ ಬಾಲ್ಫರ್ ಮೌಂಟ್. ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 1975ರಲ್ಲಿ ಅಂಥ ವಾರ್ಡ್ ತೆರೆದವರು. ಅಲ್ಲಿ ಸೂಸನ್ ಮನ್ರೋ ಅನ್ನುವ ಥೆರಪಿಸ್ಟ್ ಕೆಲಸ ಮಾಡಿದರು. ಇಬ್ಬರೂ ಸೇರಿ 1978ರಲ್ಲಿ ಕೆನಡಾದ ವೈದ್ಯರ ಸಂಘದ ಜರ್ನಲ್‌ನಲ್ಲಿ ಲೇಖನ ಬರೆದರು. ಡಾಕ್ಟ್ರುಗಳು ಓದುವ ಜರ್ನಲ್‌ನಲ್ಲಿ, ಡಾಕ್ಟ್ರ ಹೆಸರಿನ ಜೊತೆಗೆ. ಅಲ್ಲಿ ಬಂದದ್ದರಿಂದ ಅದಕ್ಕೊಂದು ತೂಕ ಬಂತು ಅನ್ನುವುದು ನನ್ನ ಲೆಕ್ಕ.

ನಮ್ಮಲ್ಲಿ ಯೋಗ ಒಳಗೆ ಬಂದದ್ದೂ ಹೀಗೆಯೇ ಅಲ್ವಾ? ಬೆಂಗಳೂರಿನಲ್ಲೇ ಕೀಮೋ ತೆಗೆದುಕೊಳ್ಳುವ 62 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗ ಮಾಡಿ, ವಾಕರಿಕೆ ಕಡಿಮೆಯಾದದ್ದನ್ನು 2007ರಲ್ಲಿ ಪ್ರಕಟಿಸಿದರು. ಈಗ ಎಷ್ಟೋ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಯೋಗದ ರೂಮ್ ಇದೆ, ಯಾರೂ ನಗುವುದಿಲ್ಲ. ಸಂಗೀತದ ಮೇಲೆ ಅಂಥ ಕೆಲಸ ಕನ್ನಡದ ರೋಗಿಗಳ ಜೊತೆ, ಕನ್ನಡದ ಪದಗಳ ಜೊತೆ ಯಾರು ಮಾಡುತ್ತಾರೆ? ಕಿದ್ವಾಯಿ ಮತ್ತು ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ. ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಮೇಲೆ ಕೆಲಸ ಮಾಡುವ ಲ್ಯಾಬ್ ಇದೆ. ನಡೆದುಕೊಂಡು ಹೋಗುವಷ್ಟು ದೂರ.

ನಾದಸುಧೆ

ಎಲ್ಲಾ ಓದಿದೆ. ಲಿಂಕ್ ಹೋಯಿತು, ಹೋಗಲಿ. ರಾಗದ ಬಗ್ಗೆ ನನ್ನ ನಂಬಿಕೆ ನನ್ನದು.

ಆದರೆ ಡಾಕ್ಟ್ರ ಮನಸ್ಸಿನ ಬಗ್ಗೆ ನನ್ನದೂ ಒಂದು ಕಥೆ ಇದೆ. ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಒಂದು ದೊಡ್ಡ ಆಸ್ಪತ್ರೆಯವರು ನನ್ನ ಶಿಷ್ಯರನ್ನು ಹಾಡಲು ಕರೆದಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ಡಾಕ್ಟರುಗಳು, ಅತಿಥಿಗಳು. ರೋಗಿಗಳು ಹಿಂದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕೆಲವರ ಕೈಯಲ್ಲಿ ಡ್ರಿಪ್ ಹಾಕುವ ಕ್ಯಾನುಲಾ ಹಾಗೇ ಇತ್ತು. ಶಾಲು ಹೊದಿಸಿದರು, ಫೋಟೋ ತೆಗೆದರು, "ಸಂಗೀತ ಅತ್ಯುತ್ತಮ ಔಷಧಿ" ಅಂತ ಭಾಷಣ ಮಾಡಿದರು. ಕಾರ್ಯಕ್ರಮ ಮುಗಿದ ಮೇಲೆ ನಾನು ಆ ಭಾಷಣ ಮಾಡಿದವರನ್ನೇ ಕೇಳಿದೆ, ವಾರಕ್ಕೊಂದು ಸಲ ಬಂದು ವಾರ್ಡಿನಲ್ಲಿ ಕೂರುತ್ತೇನೆ, ದುಡ್ಡು ಬೇಡ ಅಂತ. "ಇನ್ಫೆಕ್ಷನ್ ಪ್ರಾಬ್ಲಂ ಆಗುತ್ತೆ ಅಮ್ಮ" ಅಂದರು. ಆವತ್ತು ಹಾಲ್‌ನಲ್ಲಿ ಮುನ್ನೂರು ಜನ ಒತ್ತಾಗಿ ಕೂತಾಗ ಇನ್ಫೆಕ್ಷನ್ ಇರಲಿಲ್ಲ.

ಬೆಣ್ಣೆದೋಸೆ_77

😂😂 ಟೀಚರಮ್ಮ ಸಿಕ್ಸರ್

ಓಪಿಡಿ_ಟೋಕನ್

ಅಮ್ಮಾ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ, ನಿಮ್ಮ ಮಾತು ಸರಿ. ಆದರೆ ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ವಾರ್ಡಿಗೆ ಬಂದಾಗ ಒಬ್ಬ ರೋಗಿ ನಿಮ್ಮ ನೀಲಾಂಬರಿ ಬೇಡ, ಸಿನಿಮಾ ಹಾಡು ಬೇಕು ಅಂದರೆ ಹಾಡುತ್ತೀರಾ? ಮಧ್ಯದಲ್ಲಿ "ಮಗಳ ಮದುವೆ ನೋಡುತ್ತೀನಾ" ಅಂತ ಅತ್ತರೆ ಏನು ಹೇಳುತ್ತೀರಿ? ಥೆರಪಿಸ್ಟ್‌ಗೆ ತರಬೇತಿ ಬೇಕು ಅನ್ನುವುದು ಈ ಜಾಗಕ್ಕೆ. ಕಲಿಯುವ ಮನಸ್ಸಿದ್ದರೆ ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಮ್ಯೂಸಿಕ್ ಥೆರಪಿ ಕಲಿಸುತ್ತಾರೆ, ಮೆಡಿಕಲ್ ಕಾಲೇಜಿನ ಜೊತೆಗೇ ಇರುವ ಜಾಗ. ನಿಮ್ಮ ಶಿಷ್ಯರಲ್ಲಿ ಯಾರಾದರೂ ಹೋದರೆ ಅವರನ್ನು ಕರೆಯಲು ನನಗೂ ಸುಲಭ, ಮ್ಯಾನೇಜ್‌ಮೆಂಟ್‌ಗೆ ತೋರಿಸಲು ಒಂದು ಕಾಗದ ಸಿಗುತ್ತದೆ.

ನಾದಸುಧೆ

ಸಿನಿಮಾ ಹಾಡೂ ಹಾಡುತ್ತೇನೆ ಡಾಕ್ಟ್ರೇ, ಯಾರಿಗೂ ಹೇಳಬೇಡಿ. ಎರಡನೇ ಪ್ರಶ್ನೆಗೆ ಯೋಚಿಸಬೇಕು. ಒಬ್ಬಳು ಶಿಷ್ಯೆ ಸೈಕಾಲಜಿ ಓದುತ್ತಿದ್ದಾಳೆ, ಅವಳಿಗೆ ಈ ಪುಟ ಕಳಿಸಿದ್ದೇನೆ.

ಹೇಮಾವತಿ_ತೀರ

ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಕಂಡಕ್ಟರ್ ಅಣ್ಣನ ಪೋಸ್ಟ್ ಅಮ್ಮನಿಗೆ ಓದಿ ಹೇಳಿದೆ. "ಮೂಗಲ್ಲೇ ಹಾಡಿದ್ರಾ" ಅಂತ ಎರಡು ಸಲ ಕೇಳಿದರು.

ಮುಂದಿನ ಕೀಮೋ ಗುರುವಾರ. ಡಾಕ್ಟ್ರೇ, ಅವರ ಹತ್ತಿರ ಹೇಗೆ ಕೇಳಲಿ? ಮತ್ತೆ "ಕೇಳಲಿ ಬಿಡಿ" ಅಂದರೆ?

ಓಪಿಡಿ_ಟೋಕನ್

ಮ್ಯೂಸಿಕ್ ಥೆರಪಿ ಅಂತ ಶುರು ಮಾಡಬೇಡಿ, ನಮ್ಮವರಿಗೆ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತದೆ. "ಹಿಂದಿನ ದಿನದಿಂದ ವಾಂತಿ, ನಿದ್ದೆ ಇಲ್ಲ, ಇದಕ್ಕೆ ಏನು ಕೊಡುತ್ತೀರಿ?" ಅಂತ ಕೇಳಿ. ಮಾತ್ರೆ ಬರೆಯುತ್ತಾರೆ. ಆಮೇಲೆ "ಸೈಕೋ ಆಂಕಾಲಜಿ ಅಥವಾ ಪ್ಯಾಲಿಯೇಟಿವ್‌ನವರಿಗೆ ಒಂದು ರೆಫರೆನ್ಸ್ ಬರೆದುಕೊಡಿ" ಅನ್ನಿ. ಸೈಕೋ ಆಂಕಾಲಜಿ ಅಂದರೆ ಕ್ಯಾನ್ಸರ್ ರೋಗಿಗಳ ಮನಸ್ಸಿನ ಸಂಕಟ ನೋಡುವ ವಿಭಾಗ. ಪ್ಯಾಲಿಯೇಟಿವ್ ಅಂದರೆ ಕೊನೆಯ ಹಂತ ಅಂತ ಗಾಬರಿ ಆಗಬೇಡಿ, ಸಂಕಟ ಕಡಿಮೆ ಮಾಡುವ ವಿಭಾಗ ಅದು, ಯಾವ ಹಂತದಲ್ಲೂ ಹೋಗಬಹುದು. ಹಾಡಿನ ವಿಷಯ ಕಿವಿಗೊಟ್ಟು ಕೇಳುವವರು ನಮ್ಮಲ್ಲಿ ಯಾರಾದರೂ ಇದ್ದರೆ ಅವರೇ. ಆ ಚೀಟಿ ಫೈಲಿನಲ್ಲಿ ಸೇರಿತು ಅಂದರೆ ಮುಂದಿನ ಸಲ ಏನಾಯಿತು ಅಂತ ನಿಮ್ಮ ಡಾಕ್ಟ್ರು ಕೇಳಲೇಬೇಕಾಗುತ್ತದೆ.

ಸಿಸ್ಟರ್_ಧಾರವಾಡ

ತಂಗಿ, ಅಮ್ಮನಿಗೆ ಬಹಳ ಇಷ್ಟವಾದ ಪದವನ್ನು ಕೀಮೋ ಕುರ್ಚಿಯಲ್ಲಿ ಹಾಕಬೇಡ. ಅಣ್ಣಾರಿಗೆ ಆದ ಹಾಗೆ ಅದಕ್ಕೂ ಸಂಕಟ ಅಂಟಿಕೊಂಡರೆ ಕಷ್ಟ. ಅದನ್ನು ಮನೆಗೆ ಇಡು, ಹಿಂದಿನ ರಾತ್ರಿ ಇಬ್ಬರೂ ಕೂತು ಹೇಳಿ. ಡೇ ಕೇರ್‌ಗೆ ಬೇರೆ ಯಾವುದಾದರೂ ಸಾಕು.

ಹೇಮಾವತಿ_ತೀರ

ಅದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ಸರಿ, ಹಾಗೇ ಮಾಡುತ್ತೇನೆ. ಡೇ ಕೇರ್‌ನಲ್ಲಿ ಚಿಕ್ಕ ಬ್ಲೂಟೂತ್ ಸ್ಪೀಕರ್ ಬಿಡುತ್ತಾರಾ?

ಕ್ಲೀವ್‌ಲ್ಯಾಂಡ್_ಕನ್ನಡತಿ

ಸ್ಪೀಕರ್ ಬೇಡ, ಪಕ್ಕದವರಿಗೂ ಕಿವಿ ಇದೆ. ಇಯರ್‌ಫೋನ್, ಅದೂ ಒಂದೇ ಕಿವಿಗೆ. ಇನ್ನೊಂದು ಕಿವಿ ತೆರೆದಿರಲಿ, ಪಂಪ್ ಬೀಪ್ ಆದರೆ, ಸಿಸ್ಟರ್ ಏನಾದರೂ ಕೇಳಿದರೆ ಅಮ್ಮನಿಗೆ ಗೊತ್ತಾಗಬೇಕು. ಅವರದ್ದೇ ಸ್ವಂತ ಇಯರ್‌ಫೋನ್ ಇರಲಿ, ಹೋಗುವ ಮುಂಚೆ ಒರೆಸಿ. ಕೈಯಲ್ಲಿ ಡ್ರಿಪ್ ಇರುತ್ತದೆ, ಹಾಡು ನಿಲ್ಲಿಸುವ ಬಟನ್ ಇನ್ನೊಂದು ಕೈಗೆ ಸಿಗುವ ಹಾಗೆ ಇಡಿ.

ಮಳವಳ್ಳಿ_ಕಂಡಕ್ಟರ್

ನಿಲ್ಲಿಸುವ ಬಟನ್ ಮುಖ್ಯ ಕಣಮ್ಮ. ನನಗೆ ಅದೊಂದು ಇದ್ದಿದ್ದರೆ ಸಾಕಿತ್ತು.